ಪಟ್ಟಿ ಬರೆದವರ ಅಂಗಡಿ ಎಂದೂ ಮುಚ್ಚಲಿಲ್ಲ

2021ರ ಏಪ್ರಿಲ್ 22, ಗುರುವಾರ. ಕೊರೊನಾದ ಎರಡನೆಯ ಅಲೆ. ಎರಡು ದಿನದ ಹಿಂದೆ ಹೊರಬಿದ್ದಿದ್ದ ಸರ್ಕಾರಿ ಆದೇಶದಿಂದ ಜನಕ್ಕೆ ತಿಳಿದದ್ದು ಇಷ್ಟು: ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕರ್ಫ್ಯೂ, ಶನಿವಾರ ಭಾನುವಾರ ಬಂದ್, ಮಾಲು ಸಿನಿಮಾ ಜಿಮ್ಮು ಬಂದ್. ಉಳಿದವರು ವಾರದ ಐದು ದಿನ ಹಗಲಲ್ಲಿ ವ್ಯಾಪಾರ ಮಾಡಿಕೊಳ್ಳಬಹುದು. ಆ ಮಾತು ನಂಬಿ ಬೆಂಗಳೂರಿನ ಅಂಗಡಿಗಳು ಬಾಗಿಲು ತೆಗೆದವು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬೀದಿಗಿಳಿದು ಶಟರ್ ಎಳೆಸತೊಡಗಿದರು. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ, ಫ್ಯಾನ್ಸಿ ಸ್ಟೋರು, ಒಂದೂ ಬಿಡಲಿಲ್ಲ. ಯಾಕೆ ಸಾರ್ ಎಂದರೆ ಮೇಲಿಂದ ಆರ್ಡರ್ ಬಂದಿದೆ ಅನ್ನುವ ಉತ್ತರ. ತಿದ್ದಿದ ಆದೇಶದ ಪ್ರತಿ ಅಂಗಡಿಯವನ ಕೈ ಸೇರುವ ಮೊದಲೇ ಲಾಠಿ ಬಂದು ಬಾಗಿಲಲ್ಲಿ ನಿಂತಿತ್ತು.

ಆ ಆದೇಶದಲ್ಲಿ ಇದ್ದದ್ದು ಹೀಗೆ: ಅವಶ್ಯಕ ವಸ್ತು ಮಾರುವವರು ತೆರೆಯಬಹುದು, ಮಿಕ್ಕವರು ಮುಚ್ಚಬೇಕು. ಕಟ್ಟಡ ಸಾಮಗ್ರಿಯ ಅಂಗಡಿ ತೆರೆದಿರಬಹುದು. ಮದ್ಯದಂಗಡಿಯಲ್ಲಿ ಪಾರ್ಸೆಲ್ ಕೊಡಬಹುದು. ಅಂದರೆ ಮಗಳ ಮದುವೆಗೆ ಸೀರೆ ಕೊಳ್ಳುವಂತಿಲ್ಲ, ಸಿಮೆಂಟು ಕೊಳ್ಳಬಹುದು. ಕಾಲಿಗೆ ಚಪ್ಪಲಿ ಸಿಗದು, ಕ್ವಾರ್ಟರ್ ಬಾಟಲಿ ಸಿಕ್ಕೀತು. ವೈರಾಣು ಸೀರೆಯ ಮಡಿಕೆಯಲ್ಲಿ ಕೂತಿರುತ್ತದೆ, ಸಿಮೆಂಟಿನ ಚೀಲದಲ್ಲಿ ಇರುವುದಿಲ್ಲ ಎಂದು ಯಾವ ವಿಜ್ಞಾನಿ ಹೇಳಿದ್ದ?

ಅಂದು ಸಂಜೆ ಚಿಕ್ಕಪೇಟೆಯಿಂದ ಮಲ್ಲೇಶ್ವರದವರೆಗೆ ವ್ಯಾಪಾರಿಗಳು ಕಿಡಿಕಾರಿದರು. ಸರಿಯಾಗಿಯೇ ಕಾರಿದರು. ನನ್ನ ತಕರಾರು ಬೇರೆ. ಆ ಸಿಟ್ಟು ದೊಡ್ಡ ಗಾಜಿನ ಬಾಗಿಲಿನ ಅಂಗಡಿಯ ಪರವಾಗಿ ಹೊರಟು, ಅದರ ಮುಂದಿನ ಮೆಟ್ಟಿಲ ಮೇಲೆ ಕೂತು ಪಿನ್ನು, ಟೇಪು, ಬಳೆ ಮಾರುತ್ತಿದ್ದ ಹೆಂಗಸಿನ ಹತ್ತಿರ ಬಂದಾಗ ಯಾಕೆ ಆರಿಹೋಯಿತು? ಅವಳ ಬುಟ್ಟಿಗೆ ಎಳೆಯಲು ಶಟರ್ ಇರಲಿಲ್ಲ. ಎತ್ತಿ ಓಡಿಸಿದರೆ ಮುಗಿಯಿತು, ಯಾವ ಪತ್ರಿಕಾ ಹೇಳಿಕೆಯೂ ಬರಲಿಲ್ಲ.

ಕೆಲವರು ಈಗಲೇ ಬಾಯಿ ಹಾಕುತ್ತಾರೆ: ಜನ ಸಾಯುತ್ತಿದ್ದರು ಸ್ವಾಮಿ, ನಿಮಗೆ ಬಳೆಯ ಚಿಂತೆ. ಸಾಯುತ್ತಿದ್ದದ್ದು ನನಗೂ ಗೊತ್ತು. ಅದೇ ವರ್ಷದ ಮೇ ತಿಂಗಳ ಮೊದಲ ವಾರದಲ್ಲಿ ಚಾಮರಾಜಪೇಟೆಯ ಚಿತಾಗಾರದ ಮುಂದೆ ಹೌಸ್‌ಫುಲ್ ಎಂಬ ಬೋರ್ಡು ತೂಗುಹಾಕಿದ್ದರು. ಸಿನಿಮಾ ಮಂದಿರಕ್ಕೆ ಬೀಗ ಬಿದ್ದ ಊರಿನಲ್ಲಿ ಸುಡುಗಾಡಿನ ಮುಂದೆ ಆ ಬೋರ್ಡು. ಅದೇ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಒಂದೇ ರಾತ್ರಿ ಕನಿಷ್ಠ 24 ಜೀವ ಹೋದವು. ಜನ ಒತ್ತೊತ್ತಾಗಿ ಸೇರುವುದನ್ನು ತಡೆಯಬೇಕಿತ್ತು, ಇದರಲ್ಲಿ ಎರಡು ಮಾತಿಲ್ಲ. ಆದರೆ ಸೋಂಕು ಹರಡುವುದು ಗಾಳಿಯಿಂದ, ಗುಂಪಿನಿಂದ, ಮುಚ್ಚಿದ ಕೋಣೆಯಿಂದ. ಹಾಗಿದ್ದರೆ ನಿಯಮ ಬರೆಯಬೇಕಾದದ್ದು ಗಾಳಿಯ ಮೇಲೆ, ಜನಸಂಖ್ಯೆಯ ಮೇಲೆ, ಅಂತರದ ಮೇಲೆ. ನಮ್ಮವರು ಬರೆದದ್ದು ಸರಕಿನ ಮೇಲೆ. ಬಯಲಲ್ಲಿ ಕೂತ ಕುಂಬಾರನ ಮಡಕೆ ಬೇಡ, ಕಿಟಕಿಯಿಲ್ಲದ ಸೂಪರ್ ಮಾರ್ಕೆಟ್ಟಿನ ದಿನಸಿ ಬೇಕು. ಇದು ಆರೋಗ್ಯ ಇಲಾಖೆಯ ಬುದ್ಧಿಯಲ್ಲ, ದಫ್ತರದ ಬುದ್ಧಿ.

ಆ ಬುದ್ಧಿ ಹೇಗೆ ಕೆಲಸ ಮಾಡಿತು ನೋಡಿ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು, ನಡುರಾತ್ರಿಯಿಂದ 21 ದಿನ ದೇಶಕ್ಕೆ ಬೀಗ ಎಂದರು. ಸಿಕ್ಕ ಕಾಲಾವಕಾಶ ನಾಲ್ಕು ಗಂಟೆ. ಮಾರನೆಯ ದಿನ ಯುಗಾದಿ. ಹಬ್ಬಕ್ಕೆಂದು ಸಾಲ ಮಾಡಿ ಹೂವು, ಮಾವಿನ ಸೊಪ್ಪು, ಬೇವು ತಂದು ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ರಾಶಿ ಹಾಕಿಕೊಂಡವರು ಬೆಳಗಾಗುವುದರೊಳಗೆ ಬೇಡದವರಾದರು. ದಿನಸಿ, ಹಣ್ಣು, ತರಕಾರಿ, ಹಾಲು, ಮಾಂಸ, ಮೀನು, ಜಾನುವಾರು ಮೇವು ಇಷ್ಟು ಆ ಮೊದಲ ಪಟ್ಟಿಯಲ್ಲಿದ್ದವು. ಹೆಂಗಸರಿಗೆ ತಿಂಗಳಿಗೊಮ್ಮೆ ಬೇಕಾಗುವ ಸ್ಯಾನಿಟರಿ ಪ್ಯಾಡು ಇರಲಿಲ್ಲ. ಐದು ದಿನ ಕಳೆದು, ಮಾರ್ಚ್ 29ರಂದು ಕೇಂದ್ರ ಗೃಹ ಕಾರ್ಯದರ್ಶಿ ರಾಜ್ಯಗಳಿಗೆ ಪತ್ರ ಬರೆದು ವಿವರಿಸಬೇಕಾಯಿತು: ದಿನಸಿ ಎಂದರೆ ಅದರಲ್ಲಿ ಸೋಪು, ಶಾಂಪೂ, ಟೂತ್‌ಪೇಸ್ಟು, ಪ್ಯಾಡು, ಡೈಪರು, ಬ್ಯಾಟರಿ ಸೆಲ್ಲು, ಚಾರ್ಜರು ಎಲ್ಲ ಸೇರಿತು. ಸಾಗಣೆಯಲ್ಲಿ ಅವಶ್ಯಕ, ಅನವಶ್ಯಕ ಎಂಬ ಭೇದ ಬೇಡ ಎಂದೂ ಅದೇ ಪತ್ರ ಹೇಳಿತು. ಲಾರಿಯಲ್ಲಿ ಇಲ್ಲದ ಭೇದ ಅಂಗಡಿಯಲ್ಲಿ ಮಾತ್ರ ಉಳಿಯಿತು. ಅಂಗಡಿಗೆ ಮಾಲು ಬರಬಹುದು, ಅಂಗಡಿಯವನು ಮಾರಬಾರದು!

ಏಪ್ರಿಲ್ 21ಕ್ಕೆ ಇನ್ನೊಂದು ಸ್ಪಷ್ಟೀಕರಣ. ವಿದ್ಯಾರ್ಥಿಗಳ ಪಠ್ಯಪುಸ್ತಕದ ಅಂಗಡಿ ತೆರೆಯಬಹುದು, ವಿದ್ಯುತ್ ಫ್ಯಾನಿನ ಅಂಗಡಿ ತೆರೆಯಬಹುದು. ದೆಹಲಿಯಲ್ಲಿ ಸೆಕೆ ಶುರುವಾಗಿತ್ತು, ಫ್ಯಾನು ಅವಶ್ಯಕವಾಯಿತು. ಅದೇ ಬಿಸಿಲಿನಲ್ಲಿ ನೆರಳಿಗೆ ಕೊಡೆ ರಿಪೇರಿ ಮಾಡುವವನ ನೆನಪು ಯಾರಿಗೂ ಆಗಲಿಲ್ಲ. ಮೇ 1ರಿಂದ ಬೆಂಗಳೂರಿನಲ್ಲಿ ಮಾಸ್ಕ್ ಹಾಕದವರಿಗೆ 1,000 ರೂಪಾಯಿ ದಂಡ ಎಂದಿತು ಪಾಲಿಕೆ. ಜನ ಬೈದ ಮೇಲೆ 200ಕ್ಕೆ ಇಳಿಸಿತು. ಮಾಸ್ಕ್ ಕಡ್ಡಾಯ ಮಾಡಬೇಕು ಎಂದು ಹೊಳೆದ ತಲೆಗಳಿಗೆ, ಆ ಮಾಸ್ಕನ್ನು ಹೊಲಿಯುವ ದರ್ಜಿಯನ್ನೂ ಅವನಿಗೆ ಬಟ್ಟೆ ಕೊಡುವ ಅಂಗಡಿಯನ್ನೂ ಮನೆಯಲ್ಲಿ ಕೂರಿಸಿದ್ದೇವೆ ಎಂಬುದು ಮೊದಲ 40 ದಿನ ಹೊಳೆಯಲೇ ಇಲ್ಲ.

ಇನ್ನು ಮದ್ಯದ ಕಥೆ. 2020ರ ಮೇ 4ರಂದು ಕರ್ನಾಟಕದಲ್ಲಿ ಮದ್ಯದಂಗಡಿಗಳು ತೆರೆದವು. ಬೆಳಗಿನ ಜಾವದಿಂದ ಸಾಲು ನಿಂತರು. ಬಾಗಿಲಿಗೆ ಪೂಜೆ ಮಾಡಿದರು, ಪಟಾಕಿ ಹೊಡೆದರು. ಮೊದಲ ದಿನದ ಮಾರಾಟ 45 ಕೋಟಿ ರೂಪಾಯಿ, ಎರಡನೆಯ ದಿನ 197 ಕೋಟಿ. ಬೆಂಗಳೂರಿನ ಒಂದು ಅಂಗಡಿಯ 52,841 ರೂಪಾಯಿಯ ಬಿಲ್ಲು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕುಡುಕರನ್ನು ನೋಡಿ ನಕ್ಕೆವು, ಬೈದೆವು. ಬಸವನಗುಡಿಯ ಮಡಿವಂತ ಜಗಲಿಗಳಲ್ಲಿ ಸಂಸ್ಕೃತಿ ಹಾಳಾಯಿತೆಂದು ತಿಂಗಳುಗಟ್ಟಲೆ ಚರ್ಚೆ. ನನಗೆ ಸಾಲಿನಲ್ಲಿ ನಿಂತ ಕೂಲಿಯವನ ಮೇಲೆ ಸಿಟ್ಟಿಲ್ಲ. ಅವನ ಜೇಬಿನಿಂದ ತನ್ನ ಬೊಕ್ಕಸ ತುಂಬಿಸಿಕೊಳ್ಳುತ್ತ, ಅವನನ್ನೇ ನಗೆಪಾಟಲಾಗಲು ಬಿಟ್ಟ ವ್ಯವಸ್ಥೆಯ ಮೇಲೆ ಸಿಟ್ಟು. ಎರಡು ದಿನದ ನಂತರ, ಮೇ 6ರಂದು, ಸರ್ಕಾರ ಅಬಕಾರಿ ಸುಂಕವನ್ನು ಇನ್ನೂ ಶೇಕಡ 11ರಷ್ಟು ಏರಿಸಿತು. ಬೊಕ್ಕಸಕ್ಕೆ ಯಾವುದು ಅವಶ್ಯಕವೋ ಅದು ಜನರಿಗೂ ಅವಶ್ಯಕ. ಕನಕಾಂಬರದ ಮಾಲೆಯ ಮೇಲೆ ಅಬಕಾರಿ ಸುಂಕ ಇದ್ದಿದ್ದರೆ ಹೂವಾಡಗಿತ್ತಿಯೂ ಅಂದೇ ಅವಶ್ಯಕಳಾಗುತ್ತಿದ್ದಳು.

ಅದೇ ವಾರ ಇನ್ನೊಂದು ನಡೆಯಿತು, ಅದು ಮದ್ಯದ ಸಾಲಿಗಿಂತ ಹೇಸಿಗೆಯದ್ದು. ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ನಿರ್ಮಾಣ ಉದ್ಯಮದವರ ಜೊತೆ ಸಭೆ ಮಾಡಿದರು. ಅಂದೇ ಸರ್ಕಾರ ರೈಲ್ವೆಗೆ ಪತ್ರ ಬರೆದು, ಊರಿಗೆ ಹೊರಟಿದ್ದ ವಲಸೆ ಕಾರ್ಮಿಕರ ವಿಶೇಷ ರೈಲುಗಳು ಬೇಡ ಎಂದಿತು. ದೇಶವಿಡೀ ಉಗಿದ ಮೇಲೆ ಎರಡು ದಿನದಲ್ಲಿ ನಿರ್ಧಾರ ವಾಪಸಾಯಿತು. ಸಿಮೆಂಟು, ಜಲ್ಲಿ, ಕಂಬಿಯ ಜೊತೆಗೆ ಬಿಹಾರದ, ಜಾರ್ಖಂಡಿನ, ಒಡಿಶಾದ ಮೈಗಳನ್ನೂ ದಾಸ್ತಾನಿನಲ್ಲಿ ಇಟ್ಟುಕೊಳ್ಳುವ ಯೋಚನೆ ಅದು. ಆ ಕಾರ್ಮಿಕ ಅವಶ್ಯಕನಾದ, ಸರಿ. ಅವನ ಹಸಿವು, ಅವನ ಊರಿನ ಹಂಬಲ ಯಾವ ಪಟ್ಟಿಯಲ್ಲೂ ಇರಲಿಲ್ಲ. ಒಂದು ವರ್ಷದ ನಂತರದ ಪಟ್ಟಿಯಲ್ಲಿ ಕಟ್ಟಡ ಸಾಮಗ್ರಿಗೆ ಮತ್ತೆ ರಿಯಾಯಿತಿ ಸಿಕ್ಕಾಗ ಯಾರ ದನಿ ವಿಧಾನಸೌಧಕ್ಕೆ ಕೇಳಿಸುತ್ತದೆ ಎಂಬುದು ಎರಡನೆಯ ಸಲ ರುಜುವಾತಾಯಿತು. 2021ರ ಏಪ್ರಿಲ್ 27ರಿಂದ ಬಾಗಿಲು ಇನ್ನಷ್ಟು ಬಿಗಿಯಾದಾಗಲೂ ಕಟ್ಟಡದ ಕೆಲಸ ನಡೆಯಿತು, ಕಾರ್ಖಾನೆಗಳು ನಡೆದವು, ಗಾರ್ಮೆಂಟ್ ಮಾತ್ರ ನಿಂತಿತು. ಗಾರ್ಮೆಂಟಿನಲ್ಲಿ ಹೊಲಿಯುವವರು ಬಹುಪಾಲು ಹೆಂಗಸರು ಎಂದು ನಾನು ಬಿಡಿಸಿ ಹೇಳಬೇಕೆ?

ಈಗ ನಮ್ಮ ಬಡಾವಣೆಗಳ ಕಡೆ ತಿರುಗೋಣ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ. ಓದಿದವರು, ಪದವಿ ಪಡೆದವರು, ಪತ್ರಿಕೆಗೆ ಪತ್ರ ಬರೆಯಬಲ್ಲವರು. ಇವರಿಗೂ ಸಿಟ್ಟು ಬಂತು. ಯಾವುದಕ್ಕೆ? ವಿದ್ಯಾರ್ಥಿ ಭವನದಲ್ಲಿ ಕೂತು ದೋಸೆ ತಿನ್ನಲಾಗುತ್ತಿಲ್ಲ, ಪಾರ್ಸೆಲ್ ತಂದರೆ ಗರಿ ಹೋಗುತ್ತದೆ. ಬೈಟು ಕಾಫಿಗೆ ನಿಲ್ಲುವ ಜಾಗ ಇಲ್ಲ. ಲಾಲ್‌ಬಾಗಿನಲ್ಲಿ ವಾಕಿಂಗ್ ಇಲ್ಲ. ಅಕ್ಷಯ ತೃತೀಯಕ್ಕೆ ಒಂದು ಗ್ರಾಂ ಬಂಗಾರ ಕೊಳ್ಳಲಾಗಲಿಲ್ಲ. ದೋಸೆಯ ಗರಿಯ ಬಗ್ಗೆ ಬಂದ ಬರಹಗಳನ್ನು ಒಟ್ಟುಮಾಡಿದರೆ ಒಂದು ಸಂಕಲನವಾದೀತು. ಆ ದೋಸೆಯನ್ನು ತಂದಿಡುತ್ತಿದ್ದ ಸಪ್ಲೈಯರ್ ಹುಡುಗ ಕುಂದಾಪುರದ ಕಡೆಯವನೋ ಹಾಸನದ ಕಡೆಯವನೋ, ಹೋಟೆಲಿನ ಮೇಲಿನ ಕೋಣೆ ಖಾಲಿ ಮಾಡಿ ಊರಿಗೆ ಹೇಗೆ ಹೋದ, ಹೋದವನು ಏನು ತಿಂದ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ನಮ್ಮ ಸಾಹಿತಿಗಳ ವಿಷಯ ಬಿಟ್ಟರೆ ಅನ್ಯಾಯವಾದೀತು. ಪುಸ್ತಕ ಅವಶ್ಯಕ ವಸ್ತು, ಪುಸ್ತಕದಂಗಡಿ ತೆರೆಯಿರಿ ಎಂಬ ಕೂಗು ಎದ್ದಿತು. ಒಳ್ಳೆಯ ಕೂಗು, ನನ್ನದೂ ಅದೇ ಕೂಗು. ಪಠ್ಯಪುಸ್ತಕ ಬೇಕು, ಕಥೆ ಕವಿತೆ ಬೇಡ ಎನ್ನುವ ಆಡಳಿತ ಪರೀಕ್ಷೆ ಬರೆಯುವ ಮಕ್ಕಳನ್ನು ಸಹಿಸುತ್ತದೆ, ಪ್ರಶ್ನೆ ಕೇಳುವ ಮಕ್ಕಳನ್ನಲ್ಲ. ಆದರೆ ಈ ಕೂಗು ಯಾರ ಅಂಗಡಿಯ ಮುಂದೆ ನಿಂತಿತ್ತು? ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು, ಎಂಜಿನಿಯರಿಂಗ್ ಗೈಡಿನ ಪಕ್ಕದಲ್ಲೇ ಹರಿದ ಕಾದಂಬರಿ ಇಟ್ಟು ಬಡ ವಿದ್ಯಾರ್ಥಿಗಳಿಗೆ ಓದು ಹಚ್ಚಿದವನ ಪರವಾಗಿ ಎಷ್ಟು ಸಹಿ ಬಿದ್ದವು? ಪುಸ್ತಕಕ್ಕೆ ದಾರ ಹೊಲಿಯುವ ಬೈಂಡರನ ಪರವಾಗಿ? ಪ್ರೆಸ್ಸಿನಲ್ಲಿ ಹಾಳೆ ಮಡಿಸುವ ಹೆಣ್ಣುಮಕ್ಕಳ ಪರವಾಗಿ? ಅಕ್ಷರ ಅವಶ್ಯಕ, ಅಕ್ಷರ ಹೊರುವ ಕೈ ಅನವಶ್ಯಕ ಎಂಬ ಪಟ್ಟಿ ನಮ್ಮೊಳಗೂ ಇದೆ.

ಈ ಊರಿಗೆ ಇಂಥ ಪಟ್ಟಿ ಹೊಸದಲ್ಲ. ಕೆಂಪೇಗೌಡರ ಕಾಲದ ಪೇಟೆಯನ್ನೇ ತೆಗೆದುಕೊಳ್ಳಿ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಕಸುಬಿನವರು ಬಂದು ಕೂತದ್ದರಿಂದ ಊರಾಯಿತು. 2020ರ ಆದೇಶವನ್ನು ಈ ನಕ್ಷೆಯ ಮೇಲೆ ಹಾಸಿ ನೋಡಿ. ಅಕ್ಕಿಯವನು, ರಾಗಿಯವನು, ತರಗಿನವನು ಬಾಗಿಲು ತೆಗೆಯಬಹುದು. ಬಳೆಯವನು, ಅರಳೆಯವನು, ಮಡಕೆಯವನು ಒಳಗೆ ಕೂರಬೇಕು. ಬಳೇಪೇಟೆಯಲ್ಲಿ ಹಾರ್ಮೋನಿಯಂ, ತಬಲ, ಡೋಲು ಮಾರುವವರಿದ್ದಾರೆ. ಡೋಲಿಗೆ ಚರ್ಮ ಬಿಗಿಯುವವರಿದ್ದಾರೆ. ಮದುವೆ ಇಲ್ಲ, ಜಾತ್ರೆ ಇಲ್ಲ, ಕಛೇರಿ ಇಲ್ಲ, ಅಂಗಡಿಯೂ ಇಲ್ಲ. ಅರ್ಧ ಊರು ಉಣ್ಣಬಹುದು, ಇನ್ನರ್ಧ ಊರು ಅದನ್ನು ನೋಡುತ್ತ ಕೂರಬೇಕು.

ಪೇಟೆಯ ಹೊರಗಿನ ನಮ್ಮ ಮೆಚ್ಚಿನ ಬಡಾವಣೆಗಳೂ ಸಾಂಕ್ರಾಮಿಕದ ನೆರಳಲ್ಲೇ ಬೆಳೆದವು. 1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರಲ್ಲಿ ಪ್ಲೇಗು ಊರಿಗೆ ನುಗ್ಗಿತು. ಪೇಟೆಯ ಇಕ್ಕಟ್ಟಿನಿಂದ ಓಡಿದವರಿಗೆ ಬಸವನಗುಡಿಯ, ಮಲ್ಲೇಶ್ವರದ ಅಗಲ ಬೀದಿಗಳು, ಗಾಳಿ ಬೆಳಕಿನ ಮನೆಗಳು ಸಿಕ್ಕವು. ಎಲ್ಲರಿಗೂ ಸಿಕ್ಕವೆ? ನಿವೇಶನ ಕೊಳ್ಳುವ ಗಂಟು ಇದ್ದವರಿಗೆ ಸಿಕ್ಕವು. ಆ ಬಡಾವಣೆಗಳ ನಕ್ಷೆ ಬರೆಯುವಾಗ ಜಾತಿವಾರು, ಸಮುದಾಯವಾರು ಬ್ಲಾಕುಗಳನ್ನು ಗೊತ್ತುಮಾಡಿದ್ದರು. ಇಲಿಗೆ ಜಾತಿ ತಿಳಿಯದು, ನಕ್ಷೆ ಬರೆದವರಿಗೆ ತಿಳಿದಿತ್ತು. ಆ ಪ್ಲೇಗು ಈ ಊರಿಗೆ ಬರುವ ಮೊದಲೇ ಅದರ ಭಯದಲ್ಲಿ ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರ ಮಾರ್ಚಿನಲ್ಲಿ ಮತ್ತೆ ಕಪಾಟಿನಿಂದ ತೆಗೆದು ಧೂಳು ಕೊಡವಿದರು. ವಸಾಹತುಶಾಹಿಯ ಆ ಕಾಯ್ದೆಯಲ್ಲಿ ಅಧಿಕಾರಿಗೆ ಬೇಕಾದಷ್ಟು ಅಧಿಕಾರವಿದೆ. ಬಾಗಿಲು ಮುಚ್ಚಿಸಿಕೊಂಡವನ ಒಲೆಯ ಬಗ್ಗೆ ಒಂದು ಅಕ್ಷರವಿಲ್ಲ.

2021ರ ಮೇ 14. ಬಸವ ಜಯಂತಿ. ರಂಜಾನ್ ಹಬ್ಬವೂ ಅಂದೇ. ಅಕ್ಷಯ ತೃತೀಯವೂ ಅಂದೇ. ಮೇ 10ರಿಂದ ಊರಿಗೆ ಪೂರ್ತಿ ಬೀಗ. ಅಧಿಕಾರಸ್ಥರು ಬಸವಣ್ಣನ ಪಟಕ್ಕೆ ಹಾರ ಹಾಕಿ ಕಾಯಕದ ಮಹಿಮೆ ಹೇಳಿದರು. ಆ ಹಾರ ಕಟ್ಟಿದವಳು ಅಂದು ಎಲ್ಲಿದ್ದಳು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೂತವರನ್ನು ನೆನೆಯಿರಿ. ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ. ಕ್ಷೌರಿಕ ಸಮುದಾಯ ತಮ್ಮವನೆಂದು ಎದೆಗೊತ್ತಿಕೊಂಡ ಹಡಪದ ಅಪ್ಪಣ್ಣ. ಚಪ್ಪಲಿ ಹೊಲಿಯುವ ಹರಳಯ್ಯ. ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಬಿದಿರು ಹೆಣೆಯುವ ಮೇದಾರ ಕೇತಯ್ಯ. ನಮ್ಮ ಮುಖ್ಯ ಕಾರ್ಯದರ್ಶಿಯ ಪಟ್ಟಿಯನ್ನು ಕಲ್ಯಾಣದ ಬಾಗಿಲಿಗೆ ಅಂಟಿಸಿದ್ದರೆ ಅನುಭವ ಮಂಟಪವೇ ಖಾಲಿಯಾಗುತ್ತಿತ್ತು. ಯಾವ ಕಾಯಕವೂ ಕೀಳಲ್ಲ ಎಂದು ಎಂಟುನೂರು ವರ್ಷಕ್ಕೂ ಹಿಂದೆ ಈ ನೆಲದಲ್ಲಿ ಹೇಳಿಯಾಗಿದೆ. ಅದನ್ನು ಹೇಳಿದ್ದಕ್ಕೆ ಹರಳಯ್ಯನ ಕಾಲದಲ್ಲಿ ರಕ್ತವೂ ಹರಿದಿದೆ. ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ, ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಅದನ್ನು ತಂದಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. 2020ರ ಮಾರ್ಚ್ 24ರ ರಾತ್ರಿ ಕಾರಿನ ಡಿಕ್ಕಿಯಲ್ಲಿ ನಾಲ್ಕು ತಿಂಗಳ ದಿನಸಿ ತುಂಬಿಸಿಕೊಂಡು ಹೊರಟವರಿಗೆ ಅವಳ ನೆನಪು ಆಗಲಿಲ್ಲ.

ಪಟ್ಟಿಯಲ್ಲಿ ಇದ್ದವರಾದರೂ ಸುಖವಾಗಿದ್ದರೆ? 2021ರಲ್ಲಿ ಅವರಿಗೆ ಸಿಕ್ಕದ್ದು ಬೆಳಿಗ್ಗೆ ಆರರಿಂದ ಹತ್ತು. ಒಂದು ಕೋಟಿ ಜನರ ಊರಿಗೆ ನಾಲ್ಕು ಗಂಟೆಯ ಸಂತೆ. ದಿನವಿಡೀ ಚದುರಿ ಬರುತ್ತಿದ್ದವರನ್ನು ಒಂದೇ ಹೊತ್ತಿಗೆ ಮಾರುಕಟ್ಟೆಗೆ ನೂಕಿ, ಆಮೇಲೆ ನೋಡಿ ಜನಕ್ಕೆ ಬುದ್ಧಿಯಿಲ್ಲ ಎಂದು ಟಿವಿ ಕ್ಯಾಮರಾ ತೋರಿಸಿತು. ಮೇ 1ಕ್ಕೆ ಸರ್ಕಾರವೇ ಎಚ್ಚೆತ್ತು ತಳ್ಳುಗಾಡಿ, ಹಾಪ್‌ಕಾಮ್ಸ್, ಹಾಲಿನ ಬೂತುಗಳಿಗೆ ಸಂಜೆ ಆರರವರೆಗೆ ಅವಕಾಶ ಕೊಟ್ಟಿತು. ತಳ್ಳುಗಾಡಿ ಅಪಾಯವಲ್ಲ, ಉಪಾಯ ಎಂದು ಗೊತ್ತಾಗಲು ವರ್ಷಕ್ಕೂ ಮೇಲೆ ಬೇಕಾಯಿತು. ಮೇ 10ರಿಂದ ಇನ್ನೊಂದು ವಿಚಿತ್ರ: ತರಕಾರಿಗೆ ನಡೆದೇ ಹೋಗಬೇಕು, ಗಾಡಿ ತೆಗೆದರೆ ಏಟು. ಮಂಡಿ ನೋವಿನ ಅಜ್ಜಿ ಅಕ್ಕಿ ಮೂಟೆಯನ್ನು ತಲೆಯ ಮೇಲೆ ಹೊತ್ತು ತರಬೇಕಿತ್ತೆ? ಜನ ರೊಚ್ಚಿಗೆದ್ದ ಮೇಲೆ, ಬಲಪ್ರಯೋಗ ಬೇಡ ಎಂದು ಪೊಲೀಸ್ ಮುಖ್ಯಸ್ಥರೇ ಹೇಳಬೇಕಾಯಿತು. 2020ರ ಮಾರ್ಚ್ ಕೊನೆಯಲ್ಲೂ ಆಗಿನ ನಗರ ಪೊಲೀಸ್ ಆಯುಕ್ತ ಭಾಸ್ಕರ್ ರಾವ್ ಲಾಠಿ ಬದಿಗಿಡಿ ಎಂದು ಸಿಬ್ಬಂದಿಗೆ ಹೇಳಬೇಕಾಗಿತ್ತು. ಎರಡು ವರ್ಷ, ಎರಡು ಸಲ ಅದೇ ಪಾಠ. ಲಾಠಿ ಕಲಿಯುವುದಿಲ್ಲ, ಯಾಕೆಂದರೆ ಏಟು ತಿಂದವನು ದೂರು ಕೊಡುವುದಿಲ್ಲ.

ಅವಶ್ಯಕ ವಸ್ತುವನ್ನೇ ಮಾರುತ್ತಿದ್ದರೂ ಹೆಸರು ನೋಡಿ ಬೇಡವೆಂದ ಕಾಲವದು. 2020ರ ಏಪ್ರಿಲ್ಲಿನಲ್ಲಿ ಹಣ್ಣಿನ ಗಾಡಿ ತಳ್ಳುವವನ ಧರ್ಮ ಕೇಳಿ ಬೀದಿಯಿಂದ ಅಟ್ಟಿದರು. ಬಾಳೆಹಣ್ಣು ಪಟ್ಟಿಯಲ್ಲಿತ್ತು, ಅದನ್ನು ಹಿಡಿದ ಕೈ ಇರಲಿಲ್ಲ. ಮುಸ್ಲಿಮರ ವಿರುದ್ಧ ಯಾರೂ ಮಾತಾಡಕೂಡದು, ಮಾತಾಡಿದರೆ ಕ್ರಮ ಎಂದು ಮುಖ್ಯಮಂತ್ರಿಯೇ ಎಚ್ಚರಿಸಬೇಕಾದ ಸ್ಥಿತಿ ಬಂತು. ಆ ಎಚ್ಚರಿಕೆಗಾಗಿ ಅವರಿಗೆ ಮೆಚ್ಚುಗೆ ಸಲ್ಲಲಿ. ಆದರೆ ಬೀದಿಯ ಗೇಟಿನಲ್ಲಿ ಗಾಡಿ ತಡೆದವರು ಯಾರೋ ಗೂಂಡಾಗಳಲ್ಲ. ಬೆಳಿಗ್ಗೆ ಸುಪ್ರಭಾತ ಕೇಳಿ, ಪತ್ರಿಕೆ ಓದಿ, ಸಂಜೆ ಐದಕ್ಕೆ ತಟ್ಟೆ ಬಡಿದ ಸಭ್ಯರು.

ಹೊರಗಿನ ದೇಶಗಳಲ್ಲೂ ಈ ಹುಚ್ಚು ನಡೆಯಿತು. ದಕ್ಷಿಣ ಆಫ್ರಿಕಾದಲ್ಲಿ ಯಾವ ಬಟ್ಟೆ ಮಾರಬಹುದೆಂದು ಸರ್ಕಾರವೇ ಪಟ್ಟಿ ಹೊರಡಿಸಿ, ಗಿಡ್ಡ ತೋಳಿನ ಅಂಗಿಯನ್ನು ಸ್ವೆಟರಿನ ಒಳಗೆ ಹಾಕುವ ಉಡುಪು ಎಂದು ತೋರಿಸಿದರೆ ಮಾತ್ರ ಮಾರಬಹುದು ಎಂದಿತು. ವೇಲ್ಸ್‌ನಲ್ಲಿ 2020ರ ಅಕ್ಟೋಬರಿನಲ್ಲಿ ಸೂಪರ್ ಮಾರ್ಕೆಟ್ಟುಗಳ ಒಳಗೆ ಬಟ್ಟೆಯ, ಕೆಟಲಿನ ಸಾಲುಗಳಿಗೆ ಪ್ಲಾಸ್ಟಿಕ್ ಸುತ್ತಿ ಟೇಪು ಅಂಟಿಸಿದರು. ಅಲ್ಲಿ 67,000ಕ್ಕೂ ಹೆಚ್ಚು ಜನ ಶಾಸನಸಭೆಗೆ ಅರ್ಜಿ ಹಾಕಿದರು, ಸರ್ಕಾರ ನಿಯಮವನ್ನು ಮರುಪರಿಶೀಲಿಸಬೇಕಾಯಿತು. ಫ್ರಾನ್ಸಿನಲ್ಲಿ ಪುಸ್ತಕದಂಗಡಿ ಮುಚ್ಚಿಸಿದಾಗ ಕೆಲವು ಊರಿನ ಮೇಯರುಗಳು ಸೆಟೆದು ನಿಂತು ತೆರೆಯಲು ಅನುಮತಿ ಬರೆದುಕೊಟ್ಟರು. ಒಂದನ್ನು ಗಮನಿಸಿ. ವೇಲ್ಸ್‌ನ ನಿಯಮಕ್ಕೆ ಒಂದು ಕಾರಣವಿತ್ತು: ಸಣ್ಣ ಅಂಗಡಿಯವನಿಗೆ ಬಾಗಿಲು ಮುಚ್ಚಿಸಿ, ಅವನು ಮಾರುವ ಸರಕನ್ನೇ ದೊಡ್ಡ ಅಂಗಡಿ ಮಾರಿಕೊಂಡರೆ ಅನ್ಯಾಯ. ನಮ್ಮಲ್ಲೂ 2020ರ ಏಪ್ರಿಲ್ಲಿನಲ್ಲಿ ಆನ್‌ಲೈನ್ ಕಂಪನಿಗಳಿಗೆ ಎಲ್ಲ ಸರಕು ಮಾರಲು ಮೊದಲು ಬಾಗಿಲು ತೆಗೆದು, ವರ್ತಕರು ಗಲಾಟೆ ಮಾಡಿದ ಮೇಲೆ ಏಪ್ರಿಲ್ 19ರಂದು ಅದನ್ನು ಹಿಂತೆಗೆದುಕೊಂಡರು. ಸಂಘ ಕಟ್ಟಿಕೊಂಡವರು ಕೂಗಿದರೆ ಆದೇಶ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮ ಪಾಲಿಕೆಗೆ ಸೆಟೆದು ನಿಲ್ಲಲು ಮೇಯರೇ ಇರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ಚುನಾವಣೆಯನ್ನೇ ಮಾಡಲಿಲ್ಲ. ಎರಡನೆಯ ಅಲೆಯಲ್ಲಿ ಬಾಗಿಲು ಮುಚ್ಚಿಸಿಕೊಂಡವನು ಹೋಗಿ ಅಳುವುದಕ್ಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ.

ಪರಿಹಾರ ಕೊಟ್ಟೆವಲ್ಲ ಎನ್ನುತ್ತಾರೆ. ಕೊಟ್ಟರು. 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜು. 2,30,000 ಕ್ಷೌರಿಕರಿಗೆ, 60,000 ಮಡಿವಾಳರಿಗೆ ತಲಾ 5,000 ರೂಪಾಯಿ, ಒಂದೇ ಸಲ. ಅದಕ್ಕೆ ಆನ್‌ಲೈನ್ ಅರ್ಜಿ, ಕಸುಬಿನ ದೃಢೀಕರಣ, ಆಧಾರು, ಬ್ಯಾಂಕು. ಮೂವತ್ತು ವರ್ಷ ಊರಿನ ತಲೆ ಬೋಳಿಸಿದವನು ತಾನು ಕ್ಷೌರಿಕ ಎಂದು ಸರ್ಟಿಫಿಕೇಟು ತರಬೇಕು! ಆ ಸರ್ಟಿಫಿಕೇಟಿನ ಜೆರಾಕ್ಸ್ ಅಂಗಡಿ ಅವಶ್ಯಕ ಪಟ್ಟಿಯಲ್ಲಿ ಇರಲಿಲ್ಲ. ಜೂನ್ ತಿಂಗಳಲ್ಲಿ ಕೇಂದ್ರದಿಂದ ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಯೋಜನೆ ಬಂತು, ಮೊದಲ ಕಂತು 10,000 ರೂಪಾಯಿ. ಸಹಾಯ ಅಂದುಕೊಂಡಿರಾ? ಸಾಲ. ನೀವೇ ಬೀಗ ಹಾಕಿ ಕಸಿದ ಸಂಪಾದನೆಯನ್ನು ನೀವೇ ಸಾಲವಾಗಿ ವಾಪಸ್ ಕೊಡುವುದು ಯಾವ ಧರ್ಮ? 2021ರ ಮೇ 19ಕ್ಕೆ ಮತ್ತೊಂದು ಪ್ಯಾಕೇಜು, 1,250 ಕೋಟಿ. ಬೀದಿ ವ್ಯಾಪಾರಿಗೆ, ದರ್ಜಿಗೆ, ಹಮಾಲಿಗೆ, ಚಮ್ಮಾರನಿಗೆ, ಮನೆಗೆಲಸದವಳಿಗೆ ತಲಾ 2,000 ರೂಪಾಯಿ. ಬೀಗ ಬಿದ್ದದ್ದು ಏಪ್ರಿಲ್ಲಿನಲ್ಲಿ, ಬಾಗಿಲು ತೆರೆಯತೊಡಗಿದ್ದು ಜೂನ್ 14ಕ್ಕೆ. ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಮಳಿಗೆಯ ಒಂದು ವಾರದ ಬಾಡಿಗೆಗೂ ಈ 2,000 ಸಾಲದು. ಮಳಿಗೆಯ ಮಾಲೀಕನಿಗೆ ಬಾಡಿಗೆ ಬಿಡು ಎಂದು ಹೇಳುವ ಆದೇಶ ಮಾತ್ರ ಬರಲಿಲ್ಲ. ಆಸ್ತಿ ಎಂದೂ ಅನವಶ್ಯಕವಾಗುವುದಿಲ್ಲ.

ಮುಗಿದ ಕಥೆ, ಈಗ ಯಾಕೆ ಕೆದಕುತ್ತೀರಿ ಎನ್ನಬೇಡಿ. ಮುಗಿದಿಲ್ಲ. ಕರ್ಫ್ಯೂ ಹೋಯಿತು, ಪಟ್ಟಿ ಬರೆಯುವ ಚಾಳಿ ಹೋಗಿಲ್ಲ. ಗಾಂಧಿ ಬಜಾರನ್ನು ಚಂದ ಮಾಡುತ್ತೇವೆಂದು ರಸ್ತೆ ಅಗೆದಾಗ ಬೀದಿಯವರನ್ನು ಸರಿಸಿ, ಕೆಲಸವನ್ನು ಎಳೆದಾಡಿದರು. ಅಂಗಡಿಯವರೂ ಬೀದಿಯವರೂ ವ್ಯಾಪಾರ ಕಳೆದುಕೊಂಡು ಗೋಳಾಡಿದರು. ಫುಟ್‌ಪಾತ್ ತೆರವು ಎಂಬ ಹೆಸರಿನಲ್ಲಿ ಮಲ್ಲೇಶ್ವರದಲ್ಲಿ, ಜಯನಗರದಲ್ಲಿ ಬುಟ್ಟಿ ಎತ್ತಿ ಲಾರಿಗೆ ಎಸೆಯುವ ದೃಶ್ಯ ಇವತ್ತಿಗೂ ನಿಂತಿಲ್ಲ. ಪಿಡುಗಿನ ಕಾಲದಲ್ಲಿ ಯಾರು ಬೇಡವಾದರೋ ಅವರೇ ಚಂದದ ಕಾಲದಲ್ಲೂ ಬೇಡವಾಗುತ್ತಾರೆ.

ಹಾಗಾಗಿ ಬೇಡಿಕೆ ಇಡುತ್ತೇನೆ, ಬೇಡುತ್ತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಮುಂದಿನ ಸಲ ಯಾರ ಬಾಗಿಲು ಮುಚ್ಚಬೇಕು ಎಂಬ ಪ್ರಶ್ನೆ ಎದ್ದಾಗ ಮೊದಲು ಆ ಸಮಿತಿ ಕೂರಲಿ. ಯಾವ ಸರಕು ಎಂದು ಕೇಳುವುದು ಬಿಟ್ಟು ಎಷ್ಟು ಜನ, ಎಷ್ಟು ಗಾಳಿ, ಎಷ್ಟು ಅಂತರ ಎಂದು ಕೇಳಲಿ. ಆದೇಶ ಕನ್ನಡದಲ್ಲಿ, ಮೂರು ದಿನ ಮುಂಚೆ, ಅಂಗಡಿಯ ಬಾಗಿಲಿಗೆ ಬರಲಿ. ಮುಚ್ಚಿಸುವ ದಿನವೇ ಕೂಲಿ ಕೈಗೆ ಬೀಳಲಿ, ಅರ್ಜಿಯಿಲ್ಲದೆ. ಮತ್ತೆ ಕೊನೆಯದು: ಹೂವಾಡಗಿತ್ತಿಗೆ ಎಷ್ಟು ದಿನ ಸಂಪಾದನೆ ಇಲ್ಲವೋ ಅಷ್ಟು ದಿನ ಪಟ್ಟಿಗೆ ಸಹಿ ಹಾಕಿದವರಿಗೆ ಸಂಬಳವೂ ಇಲ್ಲದಿರಲಿ. ಆ ಒಂದು ನಿಯಮ ಬಂದರೆ ಸಾಕು, ಯಾವುದು ಅವಶ್ಯಕ ಎಂಬುದು ಒಂದೇ ವಾರದಲ್ಲಿ ವಿಧಾನಸೌಧಕ್ಕೆ ಅರ್ಥವಾಗುತ್ತದೆ.